ಕಾರಣವನ್ನು ಅರಸೋಣ

ಕಾರ್ಯವೊಂದು ಕೆಟ್ಟಾಗ ಅದರ ಕಾರಣವನ್ನು ಅರಸುವುದು ವಿವೇಕ. ಅರಸದೆ ಅಂಜುವುದು ಅವಿವೇಕ. ಹನ್ನೆರಡನೆಯ ಶತಮಾನದ ಶರಣರು ಶಕುನ, ಮುಹೂರ್ತಗಳ ಭೀತಿಯನ್ನು ನಿರಾಕರಿಸಿ ಅರಿವಿಗೆ ಗುರುಸ್ಥಾನವನ್ನಿತ್ತರು. ನಾವು ಅವರ ಜಯಂತಿಗಳನ್ನು ಭಕ್ತಿಯಿಂದ ಆಚರಿಸುತ್ತೇವೆ. ಆದರೆ ಹೊರಡುವ ಹೊತ್ತಿಗೆ ಮನೆಯ ಮುಂದಿನ ಕಾರು ಚಾಲೂ ಆಗದಿದ್ದರೆ ಮೊದಲು ನೆನಪಾಗುವುದು ಶಕುನವೇ.

ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿಯೂ ಹೀಗಾಯಿತು. ತುಂಬು ಗರ್ಭಿಣಿಯಾದ ಸೊಸೆಗೆ ಕಾಲು ಬಾತು, ತಲೆನೋವು ಕಾಣಿಸಿಕೊಂಡಿತ್ತು. ಆಸ್ಪತ್ರೆಗೆ ಹೊರಟರೆ, ಮಳೆಯಲ್ಲಿ ಹಲವು ದಿನ ನಿಂತಿದ್ದ ಕಾರು ಕೀಲಿ ತಿರುಗಿಸಿದಾಗ 'ಟಿಕ್ ಟಿಕ್' ಎಂದಿತೇ ಹೊರತು ಎಂಜಿನ್ ತಿರುಗಲಿಲ್ಲ. "ಶಕುನ ಚಲೋ ಇಲ್ಲರಿ, ನಾಳೆ ಹೋದರಾಯಿತು" ಎಂದರು ನಮ್ಮ ಮನೆಯವರು. ಅದು ನಾಳೆಗೆ ಕಾಯುವ ಹೊತ್ತಾಗಿರಲಿಲ್ಲ. ಬೇರೆ ವಾಹನ ತರಲು ಮಗನನ್ನು ಕಳುಹಿಸಿ ನಾನು ಬಾನೆಟ್ ಎತ್ತಿದೆ.

ಮಠದಲ್ಲಿ ಗುರುಗಳು ಕಲಿಸಿದ ತರ್ಕಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವ ಪಾಠವುಂಟು. ಕಂಡ ಲಕ್ಷಣದಿಂದ ಕಾಣದ ಕಾರಣಕ್ಕೆ ನಡೆಯುವ ದಾರಿ ಅದು. ಮುಂದೀಪ ಹಚ್ಚಿದೆ, ಉರಿಯಿತು. ಕೀಲಿ ತಿರುಗಿಸಿದೊಡನೆ ಮಂಕಾಯಿತು. ಹಾಗಾದರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ, ಇಲ್ಲವೇ ಇದ್ದ ಶಕ್ತಿ ದಾಟುತ್ತಿಲ್ಲ. ನೋಡಿದರೆ ಟರ್ಮಿನಲ್ಲಿನ ಮೇಲೆ ಬಿಳಿಯ ಪುಡಿ ಗಟ್ಟಿಯಾಗಿತ್ತು. ಮೊದಲು ಋಣ ತುದಿಯನ್ನೂ ಬಳಿಕ ಧನ ತುದಿಯನ್ನೂ ಬಿಚ್ಚಿ, ಅಡುಗೆ ಸೋಡ ಬೆರೆಸಿದ ಬಿಸಿನೀರಿನಿಂದ ಒರೆಸಿ, ಒಣಗಿಸಿ, ಋಣ ತುದಿಯನ್ನು ಕಡೆಗೆ ಬಿಗಿದೆ. ಎಂಜಿನ್ ಒಮ್ಮೆಗೇ ಹೊತ್ತಿತು. ಸೊಸೆಯ ರಕ್ತದೊತ್ತಡ ಏರಿದೆಯೆಂದು ವೈದ್ಯರು ಅಂದೇ ಒಳಸೇರಿಸಿಕೊಂಡರು. ಗುರುಕೃಪೆಯಿಂದ ತಾಯಿ, ಮಗು ಇಬ್ಬರೂ ಕ್ಷೇಮ.

ಗೃಹಸ್ಥರು ಉಳಿದ ಲಕ್ಷಣಗಳನ್ನೂ ಅರಿತಿರಲಿ. ದೀಪ ಮಂಕಾಗದೆ ಒಂದೇ 'ಟಕ್' ಸದ್ದು ಬಂದರೆ ಸ್ಟಾರ್ಟರ್ ಮೋಟಾರನ್ನು ಶಂಕಿಸಬೇಕು. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತದಿದ್ದರೆ ಇಂಧನ ಅಥವಾ ಕಿಡಿಯ ಕೊರತೆ. ಇಂದಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಕೀಲಿಯನ್ನು 'ಆನ್' ಮಾಡಿದಾಗ ಪಂಪು ಎರಡು ಕ್ಷಣ ಗುಂಯ್‌ಗುಡುತ್ತದೆ. ಆ ಸದ್ದು ಇಲ್ಲದಿದ್ದರೆ ಫ್ಯೂಸನ್ನೂ ಪಂಪನ್ನೂ ಪರೀಕ್ಷಿಸಬೇಕು. ಗೇರು ಸ್ವಯಂಚಾಲಿತವಾದರೆ 'ಪಿ' ಅಥವಾ 'ಎನ್' ಸ್ಥಾನದಲ್ಲಿರಬೇಕು. ವಿಶ್ರಾಂತಿಯಲ್ಲಿರುವ ಪೂರ್ಣ ಬ್ಯಾಟರಿ ಸುಮಾರು 12.6 ವೋಲ್ಟ್ ತೋರುತ್ತದೆ. 12ಕ್ಕಿಂತ ಇಳಿದರೆ ಬಹುತೇಕ ಬರಿದಾಗಿದೆ ಎಂದರ್ಥ. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಕೀಲಿ ಹಿಡಿಯಬಾರದು. ಬ್ಯಾಟರಿಯಿಂದ ಜಲಜನಕ ಹೊರಡುವುದರಿಂದ ಬೆಂಕಿಯನ್ನು ಹತ್ತಿರ ತರಬಾರದು.

ವಾಹನಕ್ಕೆ ನಮ್ಮ ಶುಭಾಶುಭಗಳ ಅರಿವಿಲ್ಲ. ಕಿಡಿ, ಇಂಧನ, ಗಾಳಿ ಕೂಡಿದರೆ ಓಡುತ್ತದೆ, ಕೂಡದಿದ್ದರೆ ನಿಲ್ಲುತ್ತದೆ. ಮಕ್ಕಳಿಗೆ ಇಷ್ಟಲಿಂಗಪೂಜೆಯೊಡನೆ ಕಾರಣವನ್ನು ಕೇಳುವ ಧೈರ್ಯವನ್ನೂ ಕಲಿಸಿದರೆ ಅದೇ ನಿಜವಾದ ಶರಣಸಂಸ್ಕಾರ.