ಇಷ್ಟೂ ಗೊತ್ತಿಲ್ವಾ ಉಮ್ಮಾ?

ಮನೆಯಲ್ಲಿರುವ ಒಂದೇ ಮೊಬೈಲಿನಲ್ಲಿ ಮಗಳ ಪಾಠ, ಗಂಡನ ವ್ಯಾಪಾರ, ನಿಮ್ಮ ಕೆಲಸ ಎಲ್ಲವೂ ನಡೆಯಬೇಕಾಗಿದ್ದ ದಿನಗಳು ನಿಮಗೂ ನೆನಪಿರಬಹುದು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ನಾನು ಗಣಿತ ಕಲಿಸಲು ತೊಡಗಿ ಹದಿನೆಂಟು ವರ್ಷಗಳಾಗಿದ್ದವು. ಕರಿಹಲಗೆಯ ಮುಂದೆ ನಿಂತರೆ ನನಗೆ ಯಾರ ಭಯವೂ ಇರಲಿಲ್ಲ.

ಅದೇ ವರ್ಷ ಶಿಕ್ಷಕರಿಗೆ 'ನಿಷ್ಠಾ' ತರಬೇತಿ ಆನ್‌ಲೈನ್‌ನಲ್ಲಿ, 'ದೀಕ್ಷಾ' ಎಂಬ ವೇದಿಕೆಯ ಮೂಲಕ ಆರಂಭವಾಯಿತು. ದೀಕ್ಷಾ 2017ರಲ್ಲೇ ಬಂದಿತ್ತು. ಪಠ್ಯಪುಸ್ತಕದಲ್ಲಿ ಕಪ್ಪು ಬಿಳುಪಿನ ಕ್ಯೂಆರ್ ಕೋಡ್‌ಗಳನ್ನು ನಾನು ನೋಡಿಯೂ ಇದ್ದೆ. ಒಂದು ದಿನವೂ ತೆರೆದು ನೋಡಿರಲಿಲ್ಲ, ಅಷ್ಟೆ. ನಿಮ್ಮಲ್ಲಿ ಮುಚ್ಚಿಡುವುದೇಕೆ? ತರಬೇತಿಯ ವೀಡಿಯೋ ತನ್ನಷ್ಟಕ್ಕೆ ಓಡುತ್ತಿರುವಾಗ ನಾನು ಅಡುಗೆ ಮನೆಯಲ್ಲಿ ಮೀನು ಹುರಿಯುತ್ತಿದ್ದೆ. ಪ್ರಶ್ನೆಗಳ ಉತ್ತರ ಸಹೋದ್ಯೋಗಿಗಳ ವಾಟ್ಸಾಪ್‌ನಲ್ಲಿ ಸಿಗುತ್ತಿತ್ತು. ಪ್ರಮಾಣಪತ್ರವೂ ಬಂತು!

ಹೊಸ ತಂತ್ರಜ್ಞಾನವನ್ನು ಜನರು ಒಪ್ಪಿಕೊಳ್ಳಲು ಎರಡು ಸಂಗತಿಗಳು ಮುಖ್ಯವೆಂದು 1989ರಲ್ಲಿ ಅಮೆರಿಕದ ಫ್ರೆಡ್ ಡೇವಿಸ್ ಎಂಬ ಸಂಶೋಧಕರು ಬರೆದಿದ್ದರು. ಇದರಿಂದ ಉಪಯೋಗವಿದೆ ಎಂಬ ನಂಬಿಕೆ ಮತ್ತು ಇದು ನನಗೆ ಸುಲಭ ಎಂಬ ಅನಿಸಿಕೆ. ನನ್ನ ಅನುಭವದಲ್ಲಿ ಮೂರನೆಯದೂ ಇದೆ. ಅದು ನಾಚಿಕೆ. ಒಮ್ಮೆ ಧೈರ್ಯ ಮಾಡಿ ಒಂಬತ್ತನೇ ತರಗತಿಯ ಮಗಳನ್ನು ಕೇಳಿದೆ. "ಇಷ್ಟೂ ಗೊತ್ತಿಲ್ವಾ ಉಮ್ಮಾ?" ಎನ್ನುತ್ತಾ ಫೋನ್ ಕಸಿದು ತಾನೇ ಎಲ್ಲ ಮಾಡಿಕೊಟ್ಟಳು. ನಾನು ಏನೂ ಕಲಿಯಲಿಲ್ಲ. ಇದೇ ಮಾತನ್ನು ನಾನು ಎಷ್ಟು ಮಕ್ಕಳಿಗೆ ಹೇಳಿದ್ದೆನೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೊಂದು ದಿನ ಆರನೇ ತರಗತಿಯ ಹುಡುಗಿಯೊಬ್ಬಳ ಧ್ವನಿ ಸಂದೇಶ ಬಂತು. "ಟೀಚರ್, ಭಿನ್ನರಾಶಿ ಅರ್ಥ ಆಗಿಲ್ಲ. ಬೆಳಗ್ಗೆ ಫೋನ್ ಅಪ್ಪನ ಹತ್ರ ಇರ್ತದೆ. ರಾತ್ರಿ ಎಂಟಕ್ಕೆ ಸಿಗ್ತದೆ."

ಬೆಳಗ್ಗಿನ ನೇರ ತರಗತಿಯಲ್ಲಿ ಅವಳ ಹೆಸರು ಕರೆದು, ಉತ್ತರ ಬಾರದೆ, 'ಅಸಡ್ಡೆ' ಎಂದುಕೊಂಡವಳು ನಾನೇ. ಯಾವ ಸುತ್ತೋಲೆಗೂ ಆಗದ ಕೆಲಸವನ್ನು ಆ ಮಾತು ಮಾಡಿತು. ನಮ್ಮ ಶಾಲೆಯ ಕಿರಿಯ ಶಿಕ್ಷಕಿಯ ಮನೆಗೆ ಹೋದೆ. ಅವಳು ಫೋನನ್ನು ನನ್ನ ಕೈಯಲ್ಲೇ ಬಿಟ್ಟಳು. "ನೀವೇ ಒತ್ತಿ ಅಕ್ಕ, ತಪ್ಪಿದ್ರೆ ಏನೂ ಹಾಳಾಗೋದಿಲ್ಲ" ಎಂದಳು. ನಾಲ್ಕು ಸಲ ತಪ್ಪಿದೆ. ಅವಳು ನಗಲಿಲ್ಲ.

ಮರುದಿನ ದೋಸೆಯನ್ನು ಕತ್ತರಿಸಿ ಭಿನ್ನರಾಶಿ ವಿವರಿಸುವ ವೀಡಿಯೋ ಮಾಡಿ, ರಾತ್ರಿ ಎಂಟಕ್ಕೆ ಮೊದಲೇ ಕಳುಹಿಸಿದೆ. ನಡುವೆ ನಮ್ಮ ಕುಕ್ಕರ್ ಎರಡು ಸಲ ಕೂಗುತ್ತದೆ. ಅದನ್ನು ತೆಗೆಯುವುದು ಹೇಗೆಂದು ಆಗ ನನಗಿನ್ನೂ ಗೊತ್ತಿರಲಿಲ್ಲ.