ಮೆಡಿಕಲ್ ಸಂದರ್ಶನಕ್ಕೆ ಯಾವ ಅಂಗಿ?

ಹತ್ತನೇ ತರಗತಿವರೆಗೆ ನಮ್ಮ ಕನ್ನಡ ಶಾಲೆ, ಆಮೇಲೆ ಲಾತೂರಿನ ಕ್ಲಾಸು. ಉಮರ್ಗಾ, ನಿಲಂಗಾ, ಉದಗೀರ ಕಡೆ ಡಾಕ್ಟರ್ ಆಗಬೇಕೆನ್ನುವ ಮಕ್ಕಳ ದಾರಿ ಬಹಳ ಮಟ್ಟಿಗೆ ಇದೇ. ಪಾಲಕರು ನನ್ನನ್ನು ಕೇಳುವುದು ಮಾತ್ರ ಸಂದರ್ಶನದ ಬಟ್ಟೆ ಬಗ್ಗೆ! ಎಂಬಿಬಿಎಸ್‌ಗೆ ನಮ್ಮಲ್ಲಿ ಸಾಮಾನ್ಯವಾಗಿ ಸಂದರ್ಶನವೇ ಇಲ್ಲ, ನೀಟ್ ಅಂಕದ ಮೇಲೆ ಸೀಟು ಎಂದರೆ ಒಬ್ಬರಿಗೆ ನಿರಾಸೆಯೇ ಆಯಿತು.

"ಹಂಗಾದ್ರ ಕೋಟ್ ಬ್ಯಾಡೇನ್ರಿ ಗುರೂಜಿ?"

ಬ್ಯಾಡ್ರಿ. ನೀಟ್‌ಗೆ ಅರ್ಧ ತೋಳಿನ ತೆಳು ಅಂಗಿ, ಕಾಲಿಗೆ ಚಪ್ಪಲಿ. ಬೂಟು ನಡೆಯುವುದಿಲ್ಲ. ಓಲೆ, ಮೂಗುತಿ ಮನೆಯಲ್ಲೇ ಬಿಚ್ಚಿಡಿ. ಕೊರಳಲ್ಲಿ ಲಿಂಗ ಧರಿಸಿದವರು, ಬುರ್ಖಾ ಹಾಕುವವರು ತಪಾಸಣೆಗೆಂದು ಬೇಗ ಹೋಗಬೇಕು. (ಆಯಾ ವರ್ಷದ ಮಾಹಿತಿ ಪುಸ್ತಿಕೆ ಒಮ್ಮೆ ಓದಿಬಿಡಿ.)

ಅಂಗಿಗಿಂತ ದೊಡ್ಡ ಸಂಗತಿ ಅರ್ಜಿಯಲ್ಲಿರುವ ಭಾಷೆಯ ಕಾಲಂ. 2017ರಿಂದ ನೀಟ್ ಕನ್ನಡದಲ್ಲೂ ಇದೆ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಲಾತೂರು ಕೇಂದ್ರ ಹಾಕಿದರೆ ಮರಾಠಿ ಉಂಟು, ಕನ್ನಡ ಇಲ್ಲ. ಕನ್ನಡ ಬೇಕಾದವರು ಕಲಬುರಗಿಯಂಥ ಊರು ಆರಿಸಬೇಕು. ಕನ್ನಡ ಪತ್ರಿಕೆಯಲ್ಲಿ ಇಂಗ್ಲಿಷ್ ಕೂಡ ಇರುತ್ತದೆ, ಅನುಮಾನ ಬಂದರೆ ಇಂಗ್ಲಿಷೇ ಅಂತಿಮ. ಎರಡು ವರ್ಷ ಇಂಗ್ಲಿಷಿನಲ್ಲೇ ಭೌತಶಾಸ್ತ್ರ, ಜೀವಶಾಸ್ತ್ರ ಓದಿದ ಮಗು ಬರೀ ಅಭಿಮಾನಕ್ಕೆ ಕನ್ನಡ ಆರಿಸುವುದು ಬೇಡ. ಕನ್ನಡ ಮೇಷ್ಟ್ರಾಗಿಯೇ ಇದನ್ನು ಹೇಳುತ್ತಿದ್ದೇನೆ.

ಸಂದರ್ಶನ ನಿಜವಾಗಿ ಇರುವುದು ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ 1948ರಲ್ಲಿ ಶುರುವಾದ ಎಎಫ್‌ಎಂಸಿಯಲ್ಲಿ. ನೀಟ್ ಅಂಕದಿಂದ ಕರೆ ಬಂದವರಿಗೆ ಅಲ್ಲಿ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಸಂದರ್ಶನ, ಆಮೇಲೆ ದೇಹ ತಪಾಸಣೆ. ಇಲ್ಲಿ ಲೆಕ್ಕ ಉಲ್ಟಾ. ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿ, ಪಾಲಿಶ್ ಮಾಡಿದ ಬೂಟು ಬೇಕು. ಹುಡುಗಿಯರಿಗೆ ಸಾದಾ ಚೂಡಿದಾರ ಸಾಕು. ಹೊಸ ಬೂಟು ಕಚ್ಚುತ್ತದೆ, ವಾರ ಮೊದಲೇ ಹಾಕಿ ತಿರುಗಾಡಿ.

ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳಿಗೆ ಮೂರು ದಿನ ಅಭ್ಯಾಸ ಮಾಡಿಸಿದೆ. ಊರಿನ ದವಾಖಾನೆ ಎಷ್ಟು ದೂರ, ಡಾಕ್ಟರ್ ಯಾಕೆ ಆಗಬೇಕು ಎಂದು ಮೊದಲು ಕನ್ನಡದಲ್ಲಿ ಕೇಳುವುದು, ಅದೇ ಉತ್ತರವನ್ನು ಆಮೇಲೆ ಇಂಗ್ಲಿಷಿನಲ್ಲಿ ಹೇಳಿಸುವುದು. ಮೊದಲ ದಿನ ನೆಲ ನೋಡುತ್ತಲೇ ಮಾತಾಡಿದಳು. ಮೂರನೇ ದಿನ ತಿರುಗಿ ನನ್ನನ್ನೇ ಕೇಳಿದಳು: "ಗುರೂಜಿ, ಸೈನ್ಯಕ್ಕ ಸೇರಿದ ಮ್ಯಾಲ ನಮ್ಮೂರ ದವಾಖಾನಿಗಿ ಬರ್ಲಿಕ್ಕ ಆಗ್ತದೇನ್ರಿ?"

ಅಲ್ಲಿ ಓದಿದ ಮೇಲೆ ಸೇನೆಯಲ್ಲಿ ಸೇವೆ ಕಡ್ಡಾಯ, ಕರೆದಾಗ ಊರಿಗೆ ಬರಲಾಗದು ಎಂದೆ. ಪುಣೆಗೆ ಹೊರಡುವ ಮುಂಚೆ ಅಪ್ಪ ಅವ್ವನ ಜೊತೆ ಕೂತು ಇದನ್ನು ಮಾತಾಡು ಅಂತ ಮನೆಗೆ ಕಳಿಸಿದೆ.