ಕಲ್ಹಟ್ಟಿ ಏರುವಾಗ ಸಿಕ್ಕ ಜೊತೆ

ಭಾನುವಾರದ ನಸುಕಿನಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ನಿಂತ ಕಾರುಗಳ ಸಾಲು ನೋಡಿದರೆ ನನಗೆ ಸೂರ್ಯೋದಯದ ಮೇಲೇ ಸಿಟ್ಟು ಬರುತ್ತದೆ. ಬೆಂಗಳೂರಿನ ಸೈಕಲ್ ಮಂದಿಗೆ ಆ ಬೆಟ್ಟವೇ ಗರಡಿಮನೆ. ಸುಮಾರು ಎಂಟು ಕಿಲೋಮೀಟರ್ ಏರು, ಬಹುಪಾಲು ಶೇ. 5–6ರಷ್ಟು, ಕೊನೆಯಲ್ಲಿ ಮಾತ್ರ ಸ್ವಲ್ಪ ಬಿರುಸು. ಮೇಲೆ ತಲುಪಿ ಉಸಿರು ಹದಕ್ಕೆ ಬರುವ ಮೊದಲೇ ಎಲ್ಲರೂ ಮೊಬೈಲ್ ತೆಗೆದು, ಏರಿದ ಸಮಯ ಲೆಕ್ಕವಿಡುವ ಸ್ಟ್ರಾವಾ ಆ್ಯಪ್ ನೋಡುತ್ತಾರೆ. ಕೆಳಗಿಳಿದು ಇಡ್ಲಿ ತಿನ್ನುವಾಗಲೂ ಅದೇ ಮಾತು: ನಿನ್ನದೆಷ್ಟು ನಿಮಿಷ, ನನ್ನದೆಷ್ಟು ನಿಮಿಷ. ಆ ರಸ್ತೆಯ ಒಂದೊಂದು ತಿರುವೂ ನನ್ನ ಕಾಲಿಗೆ ಬಾಯಿಪಾಠವಾಗಿತ್ತು. ಇನ್ನೂ ಕಡಿದಾದ್ದು ಬೇಕು ಅಂದಾಗ ಗೆಳೆಯ ಹೇಳಿದ್ದು ಒಂದೇ ಹೆಸರು, ಊಟಿಗೆ ಏರುವ ಕಲ್ಹಟ್ಟಿ ಘಟ್ಟ. 2008ರಲ್ಲಿ ಶುರುವಾದ ಸೈಕಲ್ ಯಾತ್ರೆ ಟೂರ್ ಆಫ್ ನೀಲಗಿರೀಸ್‌ಗೆ ಹೋಗಿಬಂದವರು ಆ ಹೆಸರನ್ನು ಸ್ವಲ್ಪ ದನಿ ತಗ್ಗಿಸಿಯೇ ಹೇಳುತ್ತಾರೆ.

ಸೈಕಲ್‌ಗಳನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಹೊರಟೆವು. ಮೈಸೂರು, ಗುಂಡ್ಲುಪೇಟೆ, ಬಂಡೀಪುರ ಎಲ್ಲ ನಿದ್ದೆಗಣ್ಣಲ್ಲೇ ಕಳೆದವು. ಹುಲಿಯ ಕಾಡಿನಲ್ಲಿ ಪೆಡಲ್ ತುಳಿಯುವ ಉಮೇದು ನಮಗಿಬ್ಬರಿಗೂ ಇರಲಿಲ್ಲ. ನೀಲಗಿರಿಗೆ ಹೋಗುವ ಗಾಡಿಗಳಿಗೆ 2024ರಿಂದ ಇ-ಪಾಸ್ ಬೇಕು, ಜೊತೆಗೆ ಪ್ಲಾಸ್ಟಿಕ್ ನೀರಿನ ಬಾಟಲಿಯ ತಪಾಸಣೆ. ಎರಡೂ ಒಳ್ಳೆಯದೇ. ಮಸಿನಗುಡಿಯಲ್ಲಿ ಮಾತ್ರ ಜೀಪಿನ ಹುಡುಗರು ಹೆಲ್ಮೆಟ್ ಹಾಕಿ ನಿಂತವನನ್ನೂ ಬಿಡದೆ "ಸಾರ್, ಆನೆ ತೋರಿಸ್ತೀವಿ" ಎಂದು ಬೆನ್ನು ಹತ್ತುತ್ತಾರೆ. ರಾತ್ರಿ ತಂಗಿದ ಕೋಣೆಯ ಬಾಡಿಗೆ ಕೇಳಿದಾಗ, ಆನೆಯೇ ಬಂದು ಹಾಸಿಗೆ ಹಾಸಿಕೊಡಬಹುದೇನೋ ಅನ್ನಿಸಿತ್ತು.

ಮಸಿನಗುಡಿಯಿಂದ ಊಟಿಗೆ ಕಲ್ಹಟ್ಟಿ ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಅಷ್ಟರಲ್ಲಿ ಸಾವಿರ ಮೀಟರ್‌ಗೂ ಹೆಚ್ಚು ಎತ್ತರಕ್ಕೆ ಏರಬೇಕು. ಮೊದಲಷ್ಟು ದೂರ ಕುರುಚಲು ಕಾಡಿನ ನಡುವೆ ಸಾಧುವಾಗಿ ಸಾಗುವ ರಸ್ತೆ ಇದ್ದಕ್ಕಿದ್ದಂತೆ ತಲೆ ಎತ್ತುತ್ತದೆ. ಹೇರ್‌ಪಿನ್ ತಿರುವುಗಳು 36, ಪ್ರತಿಯೊಂದಕ್ಕೂ ಒಂದು ಸಂಖ್ಯೆಯ ಫಲಕ. ಇಂಥ ಏರಿನಲ್ಲಿ ಗಾಳಿಯನ್ನು ಸೀಳುವ ಜಾಣತನ ಯಾವುದೂ ನಡೆಯುವುದಿಲ್ಲ, ಇಲ್ಲಿರುವುದು ಬರೀ ಭಾರ ಎತ್ತುವ ಕೂಲಿ. ನಾನೂ ಸೈಕಲ್ಲೂ ಸೇರಿ 80 ಕಿಲೋ. ನೂರು ಮೀಟರ್‌ಗೆ ಹತ್ತು ಮೀಟರ್ ಏರುವ ಕಡೆ ಗಂಟೆಗೆ 8 ಕಿಲೋಮೀಟರ್ ವೇಗ ಉಳಿಸಿಕೊಳ್ಳಲು, ಆ ಭಾರ ಎತ್ತುವುದಕ್ಕೇ ಸುಮಾರು 175 ವ್ಯಾಟ್ ಬೇಕು. ಅಷ್ಟೇ ಶಕ್ತಿಗೆ ಸಮತಟ್ಟು ರಸ್ತೆಯಲ್ಲಿ 30ರ ಆಸುಪಾಸಿನಲ್ಲಿ ಓಡಬಹುದು. ಲಕ್ಷ ರೂಪಾಯಿ ಸುರಿದು ಕಾರ್ಬನ್ ಸೈಕಲ್ಲಿನಲ್ಲಿ ಒಂದು ಕಿಲೋ ಇಳಿಸಿಕೊಂಡವರಿಗೆ ಇಲ್ಲಿ ಉಳಿಯುವುದು ಎಂಬತ್ತರಲ್ಲಿ ಒಂದು ಪಾಲು. ಹೊಟ್ಟೆಯಲ್ಲಿ ಅದನ್ನು ಪುಕ್ಕಟೆ ಇಳಿಸಬಹುದಿತ್ತು ಎಂದು ಗೆಳೆಯನಿಗೆ ಹೇಳಿದ್ದೆ, ಅವನಿಗೆ ಹಿಡಿಸಲಿಲ್ಲ.

ಹಿಂದಿನ ಚಕ್ರಕ್ಕೆ ನಾನು 32 ಹಲ್ಲಿನ ಗಿಯರ್ ಕ್ಯಾಸೆಟ್ ಹಾಕಿಸಿದ್ದೆ, ಮುಂದೆ 34. ಒಂದು ಸುತ್ತು ತುಳಿದರೆ ಎರಡು ಕಾಲು ಮೀಟರ್ ಮುಂದಕ್ಕೆ. ಗೆಳೆಯನದು 28, ತುಳಿಯಲು ಇನ್ನೂ ಭಾರ. ಹಲ್ಲು ಹೆಚ್ಚಾದರೆ ಮರ್ಯಾದೆ ಕಡಿಮೆ ಎಂಬ ನಂಬಿಕೆ ನಮ್ಮ ಬಳಗದಲ್ಲಿ ಗಟ್ಟಿಯಾಗಿದೆ. ಅವನು ಸೀಟಿನಿಂದ ಎದ್ದು ನಿಂತು ತುಳಿಯುತ್ತ ಮೊದಲ ತಿರುವುಗಳಲ್ಲೇ ಕಣ್ಮರೆಯಾದ.

ಹೇರ್‌ಪಿನ್‌ನ ಒಳಮೈ ಯಾವಾಗಲೂ ಹೊರಮೈಗಿಂತ ಕಡಿದು. ಅಷ್ಟೇ ಎತ್ತರವನ್ನು ಕಡಿಮೆ ದೂರದಲ್ಲಿ ಏರಬೇಕಲ್ಲ. ಬಲಕ್ಕೆ ತಿರುಗುವಾಗ ಎಡ ಅಂಚು ಹಿಡಿದವನು ತಾನಾಗಿ ಹೊರಮೈಯಲ್ಲಿರುತ್ತಾನೆ, ಸುಖ. ಎಡಕ್ಕೆ ತಿರುಗುವಾಗ ಅದೇ ಅಂಚು ಗೋಡೆಯಾಗಿ ಎದುರು ನಿಲ್ಲುತ್ತದೆ. ಆಗ ರಸ್ತೆಯ ನಡುವಿಗೆ ಸರಿಯದೆ ವಿಧಿಯಿಲ್ಲ. ಕಿವಿಯೆಲ್ಲ ಮೇಲಿಂದ ಬರುವ ಗಾಡಿಯ ಸದ್ದಿನ ಮೇಲೆ. ಪುಣ್ಯಕ್ಕೆ ಈ ಘಟ್ಟ ಇಳಿಯಲು ಹೊರಗಿನ ಗಾಡಿಗಳನ್ನು ಬಿಡುವುದಿಲ್ಲ, ನೀಲಗಿರಿಯ ನೋಂದಣಿ ಇರಬೇಕು. ಬ್ರೇಕ್ ಕಾದು ಸೋತು ಪ್ರಪಾತಕ್ಕೆ ಬಿದ್ದ ಪ್ರವಾಸಿಗಳು ಸಾಕಷ್ಟು ಮಂದಿ. ಕೆಳಗಿಂದ ಏರುವ ಕಾರುಗಳು ಮಾತ್ರ ಬೆನ್ನಿಗೇ ಬಂದು ಹಾರನ್ ಒತ್ತುತ್ತವೆ. ಅಂಥ ಕಡೆ ಸೈಕಲ್ಲಿನವನು ಯಾವ ಕಡೆಗೆ ಹಾರಬೇಕೆಂದು ಅವರ ಎಣಿಕೆಯೋ!

ಕಲ್ಹಟ್ಟಿ ಊರು ದಾಟಿ, ಕಾಡು ಸರಿದು ಕ್ಯಾರೆಟ್ ಹೊಲಗಳು ಕಾಣತೊಡಗಿದಾಗ ಪಕ್ಕದಲ್ಲಿ ಹೆಜ್ಜೆ ಸದ್ದು. ಬಿಳಿ ಮುಂಡಾಸಿನ ಬಡಗ ಅಜ್ಜ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಬಟ್ಟೆ ಚೀಲ.

"ಏನಪ್ಪಾ, ಇಳಿದು ತಳ್ಳಬಾರ್ದಾ?"

ಹಿಂದೆ ಗುಂಡ್ಲುಪೇಟೆಯಲ್ಲಿ ಕೆಲಸ ಮಾಡಿದ್ದರಂತೆ, ಕನ್ನಡ ಸಲೀಸು. ಬಸ್ಸು ತಪ್ಪಿತ್ತು, ಘಟ್ಟದ ತುದಿಯ ತಲೈಕುಂದಾಕ್ಕೆ ಹೊರಟಿದ್ದರು. ಅಭ್ಯಾಸಕ್ಕೆ ಬಂದಿದ್ದೀನಿ ಅಜ್ಜಾ, ಎಂದೆ. ಯಾವುದರ ಅಭ್ಯಾಸ? ಏರೋದರದು. ಏರಿ? ಇನ್ನೊಂದು ಸಲ ಏರೋದು. ಅಜ್ಜ ಜೋರಾಗಿ ನಕ್ಕರು. ನಾನು ಈ ನಾಲ್ಕು ಮಾತು ಆಡುವುದಕ್ಕೆ ಅರ್ಧ ತಿರುವು ಹಿಡಿದಿತ್ತು.

ತರಬೇತಿ ಕೊಡುವವರು ಹೇಳುವ ಸರಳ ಪರೀಕ್ಷೆಯೊಂದಿದೆ: ತುಳಿಯುತ್ತ ಒಂದು ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ಆ ಶ್ರಮ ಬಹಳ ಹೊತ್ತು ಬಾಳುತ್ತದೆ, ಎರಡು ಪದಕ್ಕೇ ಉಸಿರು ಕಡಿದರೆ ಬೇಗ ಕೈಕೊಡುತ್ತದೆ. ಇದನ್ನು ಎಷ್ಟು ಓದಿದ್ದರೂ ನಂದಿಯಲ್ಲಿ ಪಾಲಿಸಿದವನಲ್ಲ, ಅಲ್ಲಿ ಮಾತಾಡಿಸುವವರು ಯಾರು? ಇಲ್ಲಿ ಹಿರಿಯರು ಕೇಳುತ್ತಿದ್ದಾರೆ, ಉತ್ತರ ಕೊಡದಿದ್ದರೆ ಹೇಗೆ? ಮರ್ಯಾದೆಗಾಗಿ ವೇಗ ಇಳಿಸಿದೆ. ಆರೂವರೆ, ಏಳು. ಸೈಕಲ್ ಓಲಾಡದೆ ನಿಲ್ಲುವಷ್ಟು ಮಾತ್ರ. ಅಜ್ಜ ಮಾತ್ರ ತಿರುವು ಬಂದಾಗಲೆಲ್ಲ ರಸ್ತೆ ಬಿಟ್ಟು ಅಡ್ಡದಾರಿ ಹಿಡಿದು ಹತ್ತಿಬಿಡುತ್ತಿದ್ದರು. ನಾನು ಸುತ್ತಿ ಬರುವಷ್ಟರಲ್ಲಿ ಮೇಲಿನ ಮೋಟುಗೋಡೆಯ ಮೇಲೆ ಕೂತು, ಬಿಟ್ಟಲ್ಲಿಂದಲೇ ಕತೆ ಮುಂದುವರಿಸುವರು. ಆಲೂಗಡ್ಡೆಗೆ ಬೆಲೆಯಿಲ್ಲದ್ದು, ಕಾಡುಹಂದಿಯ ಕಾಟ, ಕೊಯಮತ್ತೂರಿನಲ್ಲಿ ಓದುವ ಮೊಮ್ಮಗಳು. ಅವರಿಗೆ ಏದುಸಿರಿಲ್ಲ, ಅವಸರವೂ ಇಲ್ಲ. ಮೊಮ್ಮಗಳ ಹಾಸ್ಟೆಲಿನ ಖರ್ಚಿನ ವಿವರ ಮುಗಿಯುವಾಗ ನನಗೆ ಗೊತ್ತಾಯಿತು, ನಾನು ಬಹಳ ಹೊತ್ತಿನಿಂದ ಕಾಲು ಕೆಳಗಿಟ್ಟಿಲ್ಲ.

ಮುಂದಿನ ತಿರುವಿನಲ್ಲಿ ಗೆಳೆಯ ಸೈಕಲ್ ಒರಗಿಸಿ, ಮೀನಖಂಡ ಹಿಡಿದುಕೊಂಡು ಕೂತಿದ್ದ. ಅಜ್ಜ ಅವನಿಗೂ ತಳ್ಳುವ ಸಲಹೆ ಕೊಟ್ಟರು. ಅವನು ಉಪ್ಪು ಬೆರೆಸಿದ ನೀರು ಕುಡಿದು, ನನ್ನ ಏಲಕ್ಕಿ ಬಾಳೆಹಣ್ಣುಗಳನ್ನು ಮುಗಿಸಿ, ಕುಂಟುತ್ತ ಸೈಕಲ್ ಹತ್ತಿ ಹಿಂದೆ ಬಂದ.

ತಲೈಕುಂದಾದಲ್ಲಿ ಅಜ್ಜ ಚಹಾ ಬೇಡವೆಂದು ಊಟಿ ಬಸ್ಸು ಹತ್ತಿದರು. ಗೆಳೆಯ ಮೊಬೈಲ್ ತೆಗೆದ. ನನ್ನ ವೇಗ ನೋಡಿ ಅವನಿಗೆ ನಗು, ನಿಂತ ಸಮಯವೂ ಸೇರಿ ತನ್ನದಕ್ಕಿಂತ ನನ್ನದೇ ಕಡಿಮೆ ಹೊತ್ತು ಎಂದು ಕಂಡಾಗ ಮೌನ. ಆಮೇಲೆ, ಕೆಳಗಿಳಿದು ಇನ್ನೊಮ್ಮೆ ಏರುತ್ತೇನೆಂದು ಹಟ ಹಿಡಿದ. ಚೆಕ್‌ಪೋಸ್ಟಿನ ಪೊಲೀಸರು ಅವನ ತೆಳ್ಳಗಿನ ಚಕ್ರವನ್ನೂ ಬೆರಳಗಲದ ಬ್ರೇಕ್ ರಬ್ಬರನ್ನೂ ನೋಡಿ ತಲೆಯಾಡಿಸಿದರು. ಸೈಕಲ್ಲಿಗೆ ನೋಂದಣಿಯೇ ಇಲ್ಲವಲ್ಲ, ಹಾಗಾದರೆ ನಿಯಮ ಹೇಗೆ ಅನ್ವಯಿಸುತ್ತದೆ ಎಂದು ಇವನು ವಾದಕ್ಕೆ ನಿಂತ. ಅವರು ಕನ್ನಡದಲ್ಲಿ ಸೋತು ತಮಿಳಿನಲ್ಲಿ ಗೆದ್ದರು. ಕೊನೆಗೆ ಮಸಿನಗುಡಿಗೆ ಹೊರಟಿದ್ದ ಸ್ಥಳೀಯ ಪಿಕಪ್ಪಿನ ಖಾಲಿ ಕ್ರೇಟುಗಳ ನಡುವೆ ಸೈಕಲ್ ಮಲಗಿಸಿ, ಮುನ್ನೂರು ರೂಪಾಯಿ ಕೊಟ್ಟು ಇಳಿದುಹೋದ. ಹೋಗುವಾಗ ನನ್ನ ಹಿಂದಿನ ಚಕ್ರ ಬಿಚ್ಚಿಸಿಕೊಂಡು ಒಯ್ದ, 32 ಹಲ್ಲಿನದು.